ಕಲಿಸಲು ಬಂದು ಕಲಿತವರು: ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್



ಕನ್ನಡದ ಒಂದು ಪದಕ್ಕೆ ಅರ್ಥ ಗೊತ್ತಾಗದಿದ್ದಾಗ ನೀವು ಏನು ಮಾಡುತ್ತೀರಿ? ಪಕ್ಕದಲ್ಲಿ ಕುಳಿತ ಗೆಳೆಯನನ್ನು ಕೇಳುತ್ತೀರಿ. ಅವನಿಗೂ ಗೊತ್ತಿಲ್ಲದಿದ್ದರೆ ಮೇಷ್ಟ್ರನ್ನು ಕೇಳುತ್ತೀರಿ. ಮೇಷ್ಟ್ರಿಗೂ ಅನುಮಾನ ಬಂದಾಗ ಅವರು ನಿಘಂಟನ್ನು ತೆಗೆಯುತ್ತಾರೆ. ಆ ನಿಘಂಟನ್ನು ಬರೆದವರು ಯಾರನ್ನು ಕೇಳಿರಬಹುದು? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ನಿಘಂಟು ಎಂದರೆ ಮೊದಲಿನಿಂದಲೂ ಕಪಾಟಿನಲ್ಲಿ ಇದ್ದದ್ದು ಎಂದು ತಿಳಿದುಬಿಡುತ್ತೇವೆ.

ಕನ್ನಡಕ್ಕೆ ಶಾಸ್ತ್ರೀಯವಾದ, ಬೃಹತ್ತಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟವರು ಜರ್ಮನಿಯ ಒಬ್ಬ ಕ್ರೈಸ್ತ ಮಿಷನರಿ. ಅವರೇ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ 1,752 ಪುಟಗಳಿವೆ, ಸುಮಾರು 70,000 ಪದಗಳಿವೆ. ಅವರು ಈ ನಾಡಿಗೆ ಬಂದದ್ದು ನಿಘಂಟು ಬರೆಯುವುದಕ್ಕಲ್ಲ. ತಮ್ಮ ಧರ್ಮವನ್ನು ಬೋಧಿಸುವುದಕ್ಕೆ. ಬಂದ ಕೆಲಸದಲ್ಲಿ ಅವರು ತಮ್ಮವರ ಮೆಚ್ಚುಗೆಯನ್ನೂ ಪೂರ್ತಿಯಾಗಿ ಗಳಿಸಲಿಲ್ಲ. ಆದರೂ ಇಂದು ಅವರ ಹೆಸರನ್ನು ಕನ್ನಡಿಗರೆಲ್ಲರೂ, ಯಾವ ಜಾತಿ ಮತದವರೇ ಆಗಿರಲಿ, ಗೌರವದಿಂದ ಹೇಳುತ್ತಾರೆ. ಇದು ಹೇಗಾಯಿತು? ಬನ್ನಿ, ಅವರ ಬಾಳಿನ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ.

ಸಮುದ್ರ ತೀರದ ಹಳ್ಳಿಯ ಹುಡುಗ

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರಕ್ಕೆ ತಾಗಿಕೊಂಡು, ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ತಗ್ಗು ಪ್ರದೇಶವಿದೆ. ಅಲ್ಲಿನ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ 1832ರ ಏಪ್ರಿಲ್ ತಿಂಗಳಲ್ಲಿ ಕಿಟ್ಟೆಲ್ ಹುಟ್ಟಿದರು. ತಂದೆ ಗಾಟ್‌ಫ್ರೀಡ್ ಕಿಟ್ಟೆಲ್ ಚರ್ಚಿನ ಪಾದ್ರಿ. ಮನೆಯಲ್ಲಿ ಶಿಸ್ತು ಕಟ್ಟುನಿಟ್ಟು. ಮಕ್ಕಳಲ್ಲಿ ಇವರೇ ಹಿರಿಯರು.

ಔರಿಕ್ ಎಂಬ ಪಟ್ಟಣದ ಪ್ರೌಢಶಾಲೆಯಲ್ಲಿ ಹುಡುಗನ ವಿದ್ಯಾಭ್ಯಾಸ ನಡೆಯಿತು. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಅವರು ಚಿಕ್ಕ ವಯಸ್ಸಿನಲ್ಲೇ ಕಲಿತರು. ಎರಡು ಭಾಷೆಯ ಹೋಂವರ್ಕ್ ಬಂದರೇ ಬೇಸರಪಡುವ ನಮ್ಮ ಮಕ್ಕಳು ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು.

1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಕಿಟ್ಟೆಲ್ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿದ್ದ ಮಿಷನ್ ಸೆಮಿನರಿಗೆ ಸೇರಿದರು. ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ. ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳೇ ಅಲ್ಲಿ ಹೆಚ್ಚಾಗಿ ಓದುತ್ತಿದ್ದರು. ತರಬೇತಿ ಮುಗಿದ ಮೇಲೆ ಸಮಿತಿ ಎಲ್ಲಿಗೆ ಕಳಿಸುತ್ತದೋ ಅಲ್ಲಿಗೆ ಹೋಗಬೇಕು. ಹೋದವರಲ್ಲಿ ಎಷ್ಟೋ ಮಂದಿ ರೋಗದಿಂದ ಅಲ್ಲಿಯೇ ಮಣ್ಣಾಗುತ್ತಿದ್ದರು. ಇದೆಲ್ಲ ಗೊತ್ತಿದ್ದೂ ಯುವಕರು ಸೇರುತ್ತಿದ್ದರು.

ಮಂಗಳೂರಿನ ದಾರಿ

ಬಾಸೆಲ್ ಮಿಷನ್ನಿನ ಮೊದಲ ಮೂವರು, ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿಯೇ ಮಂಗಳೂರಿಗೆ ಬಂದಿದ್ದರು. ಅವರ ಹಿಂದೆ 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದರು. 1841ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಮುದ್ರಣಾಲಯ ಆರಂಭವಾಯಿತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದರು. ಈಗಲೂ ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಮೊಗ್ಲಿಂಗ್ ಅವರು ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮುಂತಾದ ಹಳೆಯ ಕೃತಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅದಕ್ಕೆ ಹಣ ಕೊಟ್ಟಿದ್ದರು.

ಹೀಗೆ ಹಾದಿ ಸ್ವಲ್ಪ ಸವೆದಿದ್ದ ಸಮಯದಲ್ಲಿ, 1853ರಲ್ಲಿ, ಇಪ್ಪತ್ತೊಂದು ವರ್ಷದ ಕಿಟ್ಟೆಲ್ ಭಾರತಕ್ಕೆ ಬಂದರು. ಆಗ ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ಅದು ತೆರೆದದ್ದು 1869ರಲ್ಲಿ. ಒಮ್ಮೆ ಊರು ಬಿಟ್ಟು ಬಂದರೆ ತಂದೆ ತಾಯಿಯರ ಮುಖವನ್ನು ಮತ್ತೆ ನೋಡುವ ಭರವಸೆ ಇರುತ್ತಿರಲಿಲ್ಲ. ಬರೆದ ಕಾಗದ ತಲುಪಿ ಉತ್ತರ ಬರುವುದಕ್ಕೆ ತಿಂಗಳುಗಳು ಬೇಕಾಗುತ್ತಿದ್ದವು.

ಅಂದಿನ ಕನ್ನಡ ನಾಡು ಇಂದಿನಂತೆ ಒಂದಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಮಂಗಳೂರು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಗುಲ್ಬರ್ಗಾ, ರಾಯಚೂರು ಭಾಗಗಳು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಮೈಸೂರನ್ನು ಬ್ರಿಟಿಷ್ ಕಮಿಷನರ್ ಆಳುತ್ತಿದ್ದರು. ಕೊಡಗು ಬೇರೆಯೇ ಆಡಳಿತ. ಧಾರವಾಡದ ಕಡೆ ಶಾಲೆ ಮತ್ತು ಕಚೇರಿಗಳಲ್ಲಿ ಮರಾಠಿಯದೇ ಜೋರು. ಕನ್ನಡ ಜನರ ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಇತ್ತು. ತಾಳೆಗರಿಗಳಲ್ಲಿ ಇತ್ತು. ಆದರೆ ಅದೆಲ್ಲವನ್ನೂ ಒಂದೇ ಕಡೆ ನೋಡಬಹುದಾದ ಪುಸ್ತಕ ಇರಲಿಲ್ಲ.

ತಮ್ಮವರಿಗೇ ಪರಕೀಯ

ಕಿಟ್ಟೆಲ್ ಅವರನ್ನು ಮೊದಲು ಧಾರವಾಡ, ಹುಬ್ಬಳ್ಳಿಯ ಕಡೆ ಕೆಲಸಕ್ಕೆ ಹಾಕಿದರು. ಅವರು ಕನ್ನಡ ಕಲಿಯಲು ಕುಳಿತರು. ಎಲ್ಲ ಮಿಷನರಿಗಳೂ ಕಲಿಯುತ್ತಿದ್ದರು. ಬೋಧನೆ ಮಾಡುವಷ್ಟು, ಪ್ರಶ್ನೆಗೆ ಉತ್ತರ ಕೊಡುವಷ್ಟು ಭಾಷೆ ಬಂದರೆ ಅವರ ಕೆಲಸಕ್ಕೆ ಸಾಕಾಗುತ್ತಿತ್ತು. ಕಿಟ್ಟೆಲ್ ಅವರಿಗೆ ಅದು ಸಾಕಾಗಲಿಲ್ಲ. ಜನ ಹೇಗೆ ಯೋಚಿಸುತ್ತಾರೆ, ಏನನ್ನು ಹಾಡುತ್ತಾರೆ, ಯಾವ ಗಾದೆ ಹೇಳಿ ಜಗಳ ಮುಗಿಸುತ್ತಾರೆ ಎಂಬುದನ್ನು ತಿಳಿಯದೆ ಅವರೊಡನೆ ಮಾತನಾಡುವುದು ವ್ಯರ್ಥ ಎಂದು ಅವರಿಗೆ ಅನಿಸಿತು. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕೆಂಬ ಹಂಬಲ ಅವರದು.

ಇಲ್ಲಿಯೇ ತೊಂದರೆ ಶುರುವಾಯಿತು. ಮಿಷನ್ನಿನ ಹಿರಿಯರಿಗೆ ಈ ನಡೆ ಹಿಡಿಸಲಿಲ್ಲ. ಒಬ್ಬ ಮಿಷನರಿ ಹೀಗೆಯೇ ಇರಬೇಕು, ಇಷ್ಟು ಮಂದಿಗೆ ಬೋಧಿಸಬೇಕು, ಸಮಿತಿಗೆ ಇಂತಿಂಥ ವರದಿ ಕಳಿಸಬೇಕು ಎಂಬ ಕಟ್ಟಳೆಗಳಿದ್ದವು. ಹಳೆಗನ್ನಡದ ಛಂದಸ್ಸನ್ನು ಓದುತ್ತ ಕೂಡುವ ಯುವಕ ಅವರ ಲೆಕ್ಕದಲ್ಲಿ ಯಶಸ್ವಿ ಮಿಷನರಿ ಆಗಿರಲಿಲ್ಲ. ಸಹೋದ್ಯೋಗಿಗಳ ಜೊತೆಯೂ ಭಿನ್ನಾಭಿಪ್ರಾಯಗಳು ಬಂದವು. ಕಿಟ್ಟೆಲ್ ಅವರನ್ನು ಆ ಕ್ಷೇತ್ರದಿಂದ ಎತ್ತಿ ಬೇರೆ ಕಡೆಗೆ ಕಳಿಸಲಾಯಿತು. ಕೆಲಕಾಲ ನೀಲಗಿರಿ, ಅನಂತರ ಮಂಗಳೂರು, ಮುಂದೆ ಮಡಿಕೇರಿ, ಹೀಗೆ ಅವರ ಜೀವನ ಊರಿಂದ ಊರಿಗೆ ಸಾಗಿತು.

ಓದುಗರೇ, ಸ್ವಲ್ಪ ಯೋಚಿಸಿ ನೋಡಿ. ಊರು ಬಿಟ್ಟು ಬಂದದ್ದು ಯಾವ ಕೆಲಸಕ್ಕೋ ಆ ಕೆಲಸಕ್ಕೆ ನೀನು ಸರಿಯಾದವನಲ್ಲ ಎಂಬ ಭಾವನೆಯನ್ನು ತಮ್ಮವರೇ ತೋರಿಸಿದಾಗ ಆ ಯುವಕನ ಮನಸ್ಸು ಎಷ್ಟು ನೊಂದಿರಬೇಡ! ಸಿಟ್ಟು ಮಾಡಿ ಊರಿಗೆ ಮರಳಬಹುದಾಗಿತ್ತು. ಅವರು ಮರಳಲಿಲ್ಲ. ಮಂಗಳೂರಿನಲ್ಲಿ ಮುದ್ರಣಾಲಯದ ಕೆಲಸ, ಪಠ್ಯಪುಸ್ತಕಗಳ ಕೆಲಸ ಕೈಗೆ ಬಂದಾಗ ಅದನ್ನೇ ಹಿಡಿದುಕೊಂಡು ಮುಂದೆ ನಡೆದರು. ಒಂದು ಬಾಗಿಲು ಮುಚ್ಚಿದರೂ ಅವರ ಹಂಬಲಕ್ಕೆ ಸರಿಹೊಂದುವ ಬಾಗಿಲು ಅಲ್ಲಿ ತೆರೆದಿತ್ತು.

ಸಂಸಾರದ ನೋವು

ಬಾಸೆಲ್ ಮಿಷನ್ನಿನಲ್ಲಿ ಮದುವೆಗೂ ಸಮಿತಿಯ ಅನುಮತಿ ಬೇಕಾಗಿತ್ತು. ವಧು ಯುರೋಪಿನಿಂದ ಹಡಗಿನಲ್ಲಿ ಬರುತ್ತಿದ್ದಳು. ಕಿಟ್ಟೆಲ್ ಅವರು 1860ರಲ್ಲಿ ಪೌಲೀನ್ ಐಟ್ ಎಂಬುವರನ್ನು ಮದುವೆಯಾದರು. ನಾಲ್ಕೇ ವರ್ಷ. 1864ರಲ್ಲಿ ಪೌಲೀನ್ ತೀರಿಕೊಂಡರು. 1867ರಲ್ಲಿ ಕಿಟ್ಟೆಲ್ ಅವರು ಪೌಲೀನ್ ಅವರ ತಂಗಿ ಜೂಲಿ ಅವರನ್ನು ಮದುವೆಯಾದರು.

ಮಿಷನರಿಗಳ ಮಕ್ಕಳು ಸುಮಾರು ಆರು ವರ್ಷವಾಗುವಷ್ಟರಲ್ಲಿ ವಿದ್ಯಾಭ್ಯಾಸಕ್ಕಾಗಿ ಯುರೋಪಿಗೆ ಹೋಗಬೇಕೆಂಬ ನಿಯಮವೂ ಆ ಕಾಲದಲ್ಲಿತ್ತು. ಬಾಸೆಲ್‌ನಲ್ಲಿ ಅಂಥ ಮಕ್ಕಳಿಗಾಗಿಯೇ ಒಂದು ವಸತಿಗೃಹವಿತ್ತು. ಹಾಲು ಹಲ್ಲು ಬೀಳುವ ವಯಸ್ಸಿನಲ್ಲಿ ತಾಯಿಯ ಮಡಿಲಿನಿಂದ ಮಗುವನ್ನು ಬಿಡಿಸಿ ಹಡಗು ಹತ್ತಿಸುವ ಈ ಪದ್ಧತಿಯ ಬಗ್ಗೆ ಓದಿದಾಗ ಮನಸ್ಸು ಭಾರವಾಗುತ್ತದೆ. ಪರದೇಶದಲ್ಲಿ ದೀರ್ಘಕಾಲ ಸೇವೆ ಮಾಡಿದವರ ಚರಿತ್ರೆಯಲ್ಲಿ ಕಟ್ಟಡಗಳ, ಪುಸ್ತಕಗಳ ಲೆಕ್ಕ ಸಿಗುತ್ತದೆ. ತಾಯಂದಿರ ಕಣ್ಣೀರಿನ ಲೆಕ್ಕ ಸಿಗುವುದಿಲ್ಲ.

ಬೀಜದಿಂದ ಮರ

ಕಿಟ್ಟೆಲ್ ಅವರ ಬರವಣಿಗೆ ನಿಘಂಟಿನಿಂದ ಆರಂಭವಾಗಲಿಲ್ಲ. 1862ರಲ್ಲಿ ಅವರು ಕಥಾಮಾಲೆ ಎಂಬ ಕೃತಿಯನ್ನು ಪ್ರಕಟಿಸಿದರು. ಯೇಸುವಿನ ಜೀವನ ಕಥೆಯನ್ನು ಕನ್ನಡದ ಪದ್ಯ ರೂಪದಲ್ಲಿ, ಇಲ್ಲಿನವರು ಹಾಡಿಕೊಳ್ಳುವಂಥ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ ಅದು. ಬೇರೆ ನಾಡಿನ ಕಥೆಗೆ ಈ ನಾಡಿನ ಧಾಟಿ ಕೊಟ್ಟರು.

ಪದ್ಯ ಬರೆಯಬೇಕಾದರೆ ಛಂದಸ್ಸು ಬೇಕು. ಛಂದಸ್ಸು ತಿಳಿಯಬೇಕಾದರೆ ವ್ಯಾಕರಣ ಬೇಕು. ವ್ಯಾಕರಣಕ್ಕೆ ಹಳೆಗನ್ನಡ ಬೇಕು. ಹೀಗೆ ಒಂದರ ಬೇರು ಇನ್ನೊಂದಕ್ಕೆ ಎಳೆದುಕೊಂಡು ಹೋಯಿತು. 1872ರಲ್ಲಿ ಅವರು ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ಅದರ ಜೊತೆಗೆ ಕನ್ನಡ ಸಾಹಿತ್ಯದ ಬಗ್ಗೆ ಒಂದು ದೀರ್ಘ ಪ್ರಬಂಧವನ್ನೂ ಬರೆದರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕ್ರಮವಾಗಿ ಹೇಳಲು ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಈ ಕೆಲಸಗಳಲ್ಲಿ ಅವರು ಒಬ್ಬಂಟಿಯಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿನ ಪಂಡಿತರು, ಉಪಾಧ್ಯಾಯರು, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರು, ಗಾದೆ ಹೇಳಿದ ಹಳ್ಳಿಗರು ಎಲ್ಲರೂ ಕೈಜೋಡಿಸಿದರು. ಪುಸ್ತಕದ ಮುಖಪುಟದಲ್ಲಿ ಒಬ್ಬರ ಹೆಸರಿರುತ್ತದೆ. ಪುಸ್ತಕದ ಒಳಗೆ ನೂರಾರು ಜನರ ನಾಲಿಗೆ ಇರುತ್ತದೆ.

ಮಹಾ ನಿಘಂಟು

ಕಿಟ್ಟೆಲ್ ಅವರಿಗಿಂತ ಮೊದಲೇ ಕನ್ನಡಕ್ಕೆ ನಿಘಂಟುಗಳಿದ್ದವು. ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ, ಅಂದರೆ ಕಿಟ್ಟೆಲ್ ಹುಟ್ಟಿದ ವರ್ಷವೇ, ಹೊರಬಂದಿತ್ತು. ಅದನ್ನು ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಪರಿಷ್ಕರಿಸಿದ್ದರು. ಆದರೆ ಕನ್ನಡದ ಹಳೆಯ ರೂಪ, ನಡುವಣ ರೂಪ, ಹೊಸ ರೂಪ ಮೂರನ್ನೂ ಒಟ್ಟಿಗೆ ಹಿಡಿದು, ಪದದ ಬೇರನ್ನು ಹುಡುಕಿ, ನೆರೆಯ ಭಾಷೆಗಳೊಡನೆ ಹೋಲಿಸಿ ತೋರಿಸುವ ಕೆಲಸ ಬಾಕಿ ಇತ್ತು. ಬಾಸೆಲ್ ಮಿಷನ್ ಆ ಹೊಣೆಯನ್ನು ಕಿಟ್ಟೆಲ್ ಅವರಿಗೆ ವಹಿಸಿತು. ಹಿಂದೆ ಯಾವ ಗುಣವನ್ನು ಕೊರತೆ ಎಂದು ಕಂಡಿದ್ದರೋ ಅದೇ ಗುಣ ಈಗ ಬೇಕಾಯಿತು.

ಇದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರು ಕೇರಳದಲ್ಲಿ ದುಡಿದು 1872ರಲ್ಲಿ ಮಲಯಾಳಂ ನಿಘಂಟನ್ನು ಕೊಟ್ಟರು. ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ ಬಂತು. ಕಿಟ್ಟೆಲ್ ಅವರ ಕೆಲಸ ಇವೆಲ್ಲಕ್ಕಿಂತ ದೀರ್ಘವಾಯಿತು. ಅವರು 1877ರಲ್ಲಿ ಜರ್ಮನಿಗೆ ಹಿಂತಿರುಗಿದರೂ ನಿಘಂಟನ್ನು ಪೂರೈಸುವ ಸಲುವಾಗಿ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ಆಗ ಅವರಿಗೆ ಐವತ್ತೊಂದು ವರ್ಷ. ಕಂಪ್ಯೂಟರ್ ಇಲ್ಲ, ಬೆರಳಚ್ಚು ಯಂತ್ರವೂ ಕೈಗೆ ಸಿಗದ ಕಾಲ. ಹರಳೆಣ್ಣೆ ದೀಪದ ಬೆಳಕು, ಕೈಬರಹ, ನೆನಪು, ತಾಳ್ಮೆ, ಇವೇ ಉಪಕರಣಗಳು. ಹಲವು ವರ್ಷಗಳ ದುಡಿಮೆಯ ಬಳಿಕ 1890ರ ದಶಕದ ಆರಂಭದಲ್ಲಿ ಅವರು ಕೊನೆಯ ಬಾರಿಗೆ ಭಾರತವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ನಿಘಂಟು ಹೊರಬಂತು.

ಆ ನಿಘಂಟಿನ ವಿಶೇಷವೇನು? ಒಂದು ಚಿಕ್ಕ ಪದವನ್ನೇ ತೆಗೆದುಕೊಳ್ಳೋಣ. ನಾವು ದಿನವೂ ಹೇಳುವ ಪದ ಹಾಲು. ಹಳೆಗನ್ನಡದಲ್ಲಿ ಅದು ಪಾಲ್. ತಮಿಳಿನಲ್ಲಿ, ಮಲಯಾಳಂನಲ್ಲಿ ಈಗಲೂ ಪಾಲ್. ತೆಲುಗಿನಲ್ಲಿ ಪಾಲು. ತುಳುವಿನಲ್ಲಿ ಪೇರ್. ಕಾಲ ಸರಿದಂತೆ ಕನ್ನಡದ ಪಕಾರ ಹಕಾರವಾಯಿತು. ಪೂ ಹೂವಾಯಿತು, ಪುಲಿ ಹುಲಿಯಾಯಿತು. ಕಿಟ್ಟೆಲ್ ಅವರ ನಿಘಂಟನ್ನು ತೆರೆದರೆ ಹೊಸ ರೂಪ ನಿಮ್ಮನ್ನು ಕೈಹಿಡಿದು ಹಳೆಯ ರೂಪದ ಹತ್ತಿರ ಕರೆದೊಯ್ಯುತ್ತದೆ. ಅಲ್ಲಿಂದ ಅಕ್ಕತಂಗಿ ಭಾಷೆಗಳ ಮನೆಗೂ ಕರೆದೊಯ್ಯುತ್ತದೆ. ನಾವೀಗ ಬರೆಯದೆ ಬಿಟ್ಟಿರುವ ಹಳೆಗನ್ನಡದ ಱ ಮತ್ತು ೞ ಅಕ್ಷರಗಳಿಗೂ ಅದರಲ್ಲಿ ಜಾಗವಿದೆ. ಪದದ ಅರ್ಥದ ಜೊತೆಗೆ ಅದು ಬಳಕೆಯಾದ ಕೃತಿಯ ಸೂಚನೆ ಇದೆ. ಎಷ್ಟೋ ಪದಗಳಿಗೆ ಗಾದೆಗಳೂ ಇವೆ. ದಾಸರ ಪದವೂ ಅಲ್ಲಿದೆ, ರೈತನ ಮಾತೂ ಅಲ್ಲಿದೆ.

ಸಂಸ್ಕೃತದಿಂದ ಕನ್ನಡಕ್ಕೆ ಪದಗಳು ಬಂದಿವೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೂ ಪದಗಳು ಹೋಗಿರಬಹುದು ಎಂದು ತೋರಿಸಲು ಕಿಟ್ಟೆಲ್ ಅವರು ನಿಘಂಟಿನ ಪೀಠಿಕೆಯಲ್ಲಿ ನಾನೂರಕ್ಕೂ ಹೆಚ್ಚು ಪದಗಳ ಪಟ್ಟಿ ಕೊಟ್ಟರು. ಅದರಲ್ಲಿನ ಎಲ್ಲ ಪದಗಳನ್ನೂ ಮುಂದಿನ ವಿದ್ವಾಂಸರು ಒಪ್ಪಿಲ್ಲ. ಆದರೆ ಕೊಡುವುದು ತೆಗೆದುಕೊಳ್ಳುವುದು ಎರಡೂ ಕಡೆಯಿಂದ ನಡೆಯುತ್ತದೆ ಎಂಬ ಮಾತು ಅಂದು ದೊಡ್ಡ ಮಾತಾಗಿತ್ತು.

ನಮ್ಮ ಮನೆಯ ಪದಗಳೂ ಅಲ್ಲಿವೆ

ಉರ್ದು ಮತ್ತು ಕನ್ನಡ ಎರಡನ್ನೂ ಓದುವ ವಿದ್ಯಾರ್ಥಿಗಳು ಈ ನಿಘಂಟಿನಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಿಟ್ಟೆಲ್ ಅವರು ಕನ್ನಡವನ್ನು ಶುದ್ಧ ಮಾಡುತ್ತೇನೆಂದು ಹೊರಟು ಹೊರಗಿನಿಂದ ಬಂದ ಪದಗಳನ್ನು ಕಿತ್ತು ಹಾಕಲಿಲ್ಲ. ಜನರ ಬಾಯಲ್ಲಿ ನೆಲೆಸಿದ ಪದ ಕನ್ನಡದ ಪದವೇ ಎಂದು ಸೇರಿಸಿಕೊಂಡರು. ಅದು ಎಲ್ಲಿಂದ ಬಂತು ಎಂಬ ಗುರುತನ್ನು ಪಕ್ಕದಲ್ಲಿ ಹಾಕಿದರು. ಹಿಂದೂಸ್ತಾನಿ, ಮರಾಠಿ, ಪೋರ್ಚುಗೀಸ್, ಇಂಗ್ಲಿಷ್, ಹೀಗೆ ಒಂದೊಂದಕ್ಕೂ ಒಂದೊಂದು ಗುರುತು.

ಅರ್ಜಿ, ಜಮೀನು, ವಕೀಲ, ತಾಲೂಕು ಇವೆಲ್ಲ ಎಲ್ಲಿಂದ ಬಂದವು? ಅರಬ್ಬಿ, ಪಾರ್ಸಿ ಭಾಷೆಗಳಿಂದ ಹೊರಟು, ಹಿಂದೂಸ್ತಾನಿಯ ಅಂಗಳ ದಾಟಿ, ಬಿಜಾಪುರದ ಆದಿಲಶಾಹಿಗಳ, ಮೊಗಲರ, ನಿಜಾಮರ, ಹೈದರ್ ಮತ್ತು ಟಿಪ್ಪುವಿನ ಆಡಳಿತದ ಕಾಲದಲ್ಲಿ ಕಚೇರಿ ಕಾಗದಗಳ ಮೂಲಕ ಕನ್ನಡದ ಮನೆಗೆ ಬಂದವು. ಬಂದವು ಇಲ್ಲಿನ ಉಡುಪು ಹಾಕಿಕೊಂಡವು. ಉರ್ದುವಿನ ಜ಼ಮೀನ್ ಎಂಬ ಪದದಲ್ಲಿ ನಾಲಿಗೆ ಹಲ್ಲಿನ ಬಳಿ ಗುಂಯ್‌ಗುಡುತ್ತದೆ. ಕನ್ನಡಕ್ಕೆ ಬಂದಾಗ ಅದು ಜಮೀನು ಎಂದು ಮೆತ್ತಗಾಗಿ, ಕೊನೆಗೆ ಒಂದು ಉಕಾರವನ್ನೂ ಅಂಟಿಸಿಕೊಂಡಿತು. ಕಾನೂನ್ ಕಾನೂನಾಯಿತು, ಹಾಜ಼ಿರ್ ಹಾಜರಾಯಿತು, ಕುರ್ಸಿ ಕುರ್ಚಿಯಾಯಿತು. ಇಂದು ಹೊಲದ ಪಹಣಿ ಹಿಡಿದು ತಾಲೂಕು ಕಚೇರಿಯ ಮುಂದೆ ನಿಂತ ರೈತ ತಾನು ಪಾರ್ಸಿ ಪದ ಆಡುತ್ತಿದ್ದೇನೆಂದು ಎಣಿಸುವುದಿಲ್ಲ. ಅದು ಅವನದೇ ಮಾತು.

ಮನೆಯಲ್ಲಿ ಉರ್ದು ಆಡುವ ಮಗುವಿಗೆ ಕನ್ನಡ ಪರರ ಭಾಷೆ ಎಂದು ಯಾರಾದರೂ ಹೇಳಿದರೆ, ಆ ಮಗು ಕಿಟ್ಟೆಲ್ ಅವರ ನಿಘಂಟನ್ನು ತೆರೆದು ತೋರಿಸಬಹುದು. ತನ್ನ ಮನೆಯ ಪದಗಳು ಆ ದೊಡ್ಡ ಮನೆಯಲ್ಲಿ ನೂರಾರು ವರ್ಷಗಳಿಂದ ವಾಸವಾಗಿವೆ. ಅದನ್ನು ದಾಖಲೆ ಮಾಡಿಟ್ಟವರು ಇಬ್ಬರಿಗೂ ಸೇರದ ಮೂರನೆಯವರು. ದಾಖಲೆ ಎಂಬ ಪದವೂ ಅದೇ ದಾರಿಯಿಂದ ಬಂದದ್ದೇ!

ಒಪ್ಪುವುದೂ ಒಪ್ಪದಿರುವುದೂ

ಒಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ಮಿಷನರಿಗಳು ಬಂದದ್ದು ಮತಪ್ರಚಾರಕ್ಕೆ ಅಲ್ಲವೇ? ಅವರನ್ನು ನಾವೇಕೆ ಹೊಗಳಬೇಕು? ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಕಿಟ್ಟೆಲ್ ಅವರು ತಮ್ಮ ಧರ್ಮವೇ ಸತ್ಯವೆಂದು ನಂಬಿದ್ದರು. ಇತರರು ಅದನ್ನು ಒಪ್ಪಬೇಕೆಂದು ಬಯಸಿದ್ದರು. ಅವರು ಬಂದದ್ದು ಬ್ರಿಟಿಷರ ಆಳ್ವಿಕೆಯ ನೆರಳಿನಲ್ಲಿ. ಇಲ್ಲಿನ ಯಜ್ಞ, ಲಿಂಗಪೂಜೆ ಮೊದಲಾದವುಗಳ ಬಗ್ಗೆ ಅವರು ಬರೆದ ಪುಸ್ತಕಗಳು ಮಿಷನರಿಯ ಕಣ್ಣಿನಿಂದ ಬರೆದವು. ಅವುಗಳನ್ನು ಇಲ್ಲಿನವರು ಎಲ್ಲವನ್ನೂ ಒಪ್ಪಬೇಕಾಗಿಲ್ಲ, ಒಪ್ಪಿಯೂ ಇಲ್ಲ. ಮಿಷನ್ನಿನ ಶಾಲೆ, 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ, ಮುದ್ರಣಾಲಯ ಎಲ್ಲವೂ ಅದೇ ಉದ್ದೇಶದ ಜೊತೆಗೆ ಹೆಣೆದುಕೊಂಡಿದ್ದವು.

ಆದರೆ ಒಬ್ಬ ಮನುಷ್ಯನ ಉದ್ದೇಶ ಒಂದು, ಅವನ ಕೆಲಸದ ಫಲ ಇನ್ನೊಂದು ಆಗುವುದುಂಟು. ಕಿಟ್ಟೆಲ್ ಅವರು ಇನ್ನೊಬ್ಬರ ಮನಸ್ಸನ್ನು ಗೆಲ್ಲಲು ಹೊರಟು, ಆ ಮನಸ್ಸನ್ನು ತಿಳಿಯುವುದಕ್ಕೆ ಬಾಳನ್ನೇ ಕೊಟ್ಟರು. ಬಸವ ಪುರಾಣವನ್ನು ಓದದೆ, ಜೈನ ಕವಿಗಳನ್ನು ಓದದೆ, ದಾಸರ ಪದಗಳನ್ನು ಕೇಳದೆ ಅವರ ನಿಘಂಟು ಆಗುತ್ತಿರಲಿಲ್ಲ. ತಾವು ಒಪ್ಪದ ಗ್ರಂಥದ ಒಂದೊಂದು ಪದವನ್ನೂ ಪ್ರಾಮಾಣಿಕವಾಗಿ ಓದಿ, ಅದರ ಅರ್ಥವನ್ನು ತಿರುಚದೆ ಬರೆದಿಡುವ ಶ್ರಮ ಅವರದು. ಈ ಗುಣವನ್ನು ನಾವು ಕಲಿಯಬೇಕು. ಇನ್ನೊಬ್ಬರ ಬಗ್ಗೆ ಮಾತನಾಡುವ ಮೊದಲು ಅವರ ಭಾಷೆಯನ್ನು, ಅವರ ಪುಸ್ತಕವನ್ನು ಓದಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಬಗ್ಗೆ ಮಾತನಾಡುವವರೂ ಇದೇ ಪ್ರಶ್ನೆ ಕೇಳಿಕೊಂಡರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ.

ಕೊನೆಯ ದಿನಗಳು

ಜರ್ಮನಿಯ ಟ್ಯೂಬಿಂಗೆನ್ ಎಂಬ ವಿದ್ಯಾನಗರದಲ್ಲಿ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಅಲ್ಲಿನ ವಿಶ್ವವಿದ್ಯಾನಿಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿ ನೀಡಿತು. ಪದವಿ ಬಂತೆಂದು ಅವರು ಲೇಖನಿ ಕೆಳಗಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಹಿಮ ಬೀಳುವ ಆ ದೂರದ ಊರಿನಲ್ಲಿ ಕುಳಿತು, ತಾವು ಮತ್ತೆಂದೂ ಕಾಣದ ನಾಡಿನ ವಿಭಕ್ತಿ ಪ್ರತ್ಯಯಗಳನ್ನು ಬರೆಯುತ್ತಿದ್ದ ಆ ವೃದ್ಧರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ.

ಅವರು ತೀರಿಕೊಂಡ ಹನ್ನೊಂದು ವರ್ಷಗಳ ನಂತರ, 1914ರಲ್ಲಿ, ಮೊದಲ ಮಹಾಯುದ್ಧ ಆರಂಭವಾಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿರಿಸಿತು. ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿ ಹೋದವು. ಕಟ್ಟಡಗಳ ಒಡೆತನ ಬದಲಾಯಿತು. ನಿಘಂಟು ಮಾತ್ರ ಉಳಿಯಿತು. ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು. 1968ರಿಂದ 1971ರ ನಡುವೆ ಅದು ನಾಲ್ಕು ಸಂಪುಟಗಳಲ್ಲಿ ಹೊರಬಂತು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಸಿದ್ಧಪಡಿಸಿದಾಗಲೂ ಕಿಟ್ಟೆಲ್ ಹಾಕಿದ ದಾರಿ ಕಣ್ಣಮುಂದೆ ಇತ್ತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಯಾವ ಹುಬ್ಬಳ್ಳಿ ಧಾರವಾಡದಿಂದ ಅವರನ್ನು ಕೆಲಸಕ್ಕೆ ಒಗ್ಗದವರೆಂದು ಕಳಿಸಿದ್ದರೋ ಅಲ್ಲಿಯ ಮಕ್ಕಳು ಇಂದು ಕಿಟ್ಟೆಲ್ ಕಾಲೇಜಿನಲ್ಲಿ ಓದುತ್ತೇವೆ ಎಂದು ಹೇಳುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ಪ್ರಿಯ ವಿದ್ಯಾರ್ಥಿಗಳೇ, ಈ ಜೀವನದಿಂದ ನೀವು ಏನನ್ನು ತೆಗೆದುಕೊಳ್ಳುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಆದರೂ ಎರಡು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಸೋಲಿನ ವಿಷಯ. ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ ಕಿಟ್ಟೆಲ್ ಅವರನ್ನು ನೋಡಿದವರು ಈ ಮನುಷ್ಯನಿಂದ ಏನೂ ಆಗುವುದಿಲ್ಲ ಎಂದುಕೊಂಡಿರಬಹುದು. ನಿಘಂಟು ಕೈಗೆ ಬಂದಾಗ ಅವರಿಗೆ ಅರವತ್ತೆರಡು ವರ್ಷ. ಪರೀಕ್ಷೆಯಲ್ಲಿ ಒಂದು ಸಲ ನಪಾಸಾದರೆ ಬಾಳೇ ಮುಗಿಯಿತು ಎಂದು ಕೂಡುವ ಹುಡುಗ ಹುಡುಗಿಯರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಲಿ. ನಪಾಸು ಎಂಬ ಪದದಲ್ಲಿರುವ ನಕಾರ ಹಿಂದೂಸ್ತಾನಿಯದು, ಪಾಸು ಇಂಗ್ಲಿಷಿನದು. ಎರಡನ್ನೂ ಸೇರಿಸಿಕೊಂಡು ಬದುಕಿರುವ ಭಾಷೆಯಂತೆ ನೀವೂ ಮುಂದೆ ನಡೆಯಿರಿ.

ಎರಡನೆಯದು, ಕೆಲಸದ ವಿಷಯ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆಯೇ? ನಾನಿ, ದಾದಿ, ಯಾರೇ ಇರಲಿ, ಅವರ ಬಾಯಲ್ಲಿ ದಖ್ಖನಿಯ, ಬ್ಯಾರಿಯ, ನವಾಯತಿಯ, ಹಳ್ಳಿ ಕನ್ನಡದ ಎಷ್ಟೋ ಪದಗಳಿವೆ. ಅಡುಗೆ ಮನೆಯ ಪಾತ್ರೆಗಳ ಹೆಸರು, ಮಳೆಯ ಹೆಸರು, ಮದುವೆಯ ಹಾಡು, ಬೈಗುಳ, ಗಾದೆ. ಅವರು ಹೋದ ದಿನ ಅವುಗಳಲ್ಲಿ ಎಷ್ಟೋ ಅವರ ಜೊತೆಗೇ ಹೋಗುತ್ತವೆ. ಏಳು ಸಾವಿರ ಮೈಲಿಯಿಂದಲ್ಲದಿದ್ದರೂ ಸಮುದ್ರದಾಚೆಯಿಂದ ಬಂದ ಒಬ್ಬ ಪರದೇಶಿ ಹಳ್ಳಿಯ ಜಗಲಿಯಲ್ಲಿ ಕುಳಿತು ಪರರ ಅಜ್ಜಿಯರ ಮಾತನ್ನು ಬರೆದುಕೊಳ್ಳಬಹುದಾದರೆ, ನಮ್ಮ ಅಜ್ಜಿಯ ಮಾತನ್ನು ನಾವು ಬರೆದುಕೊಳ್ಳಲು ಎಷ್ಟು ದೂರ ಹೋಗಬೇಕು? ಪಕ್ಕದ ಕೋಣೆಯವರೆಗೆ ಹೋದರೆ ಸಾಕು.

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಅಜ್ಜಿಯ ಹೆಸರು ಬರೆಯಿರಿ. ದಿನಕ್ಕೆ ಒಂದು ಪದ ಕೇಳಿ, ಅರ್ಥ ಬರೆದಿಡಿ. ಒಂದು ವರ್ಷಕ್ಕೆ ಮುನ್ನೂರ ಅರವತ್ತೈದು ಪದಗಳಾಗುತ್ತವೆ. ಕಿಟ್ಟೆಲ್ ಅವರೂ ಮೊದಲ ದಿನ ಒಂದೇ ಪದದಿಂದ ಆರಂಭಿಸಿರಬೇಕು.